ಬಿಸಿಯಾದ ಮ್ಯಾಲ

ಗುಂಡಗುರ್ತಿ ದಾಟಿ ಹುಣಸಿ ಗಿಡದ ಬುಡಕ್ಕ
ಬಂದ ಕೂಡ್ಲೆ ವ್ಯಾನ್ ಸತ್ತೇ ಹೋಗ್ತಿತ್ತು.
ಮೊದಲ ಒಂದು ಜಗ್ಗು, ಹಿಂದಿಂದ ಯಾರೋ ಹಿಡಿದಂಗ.
ಆಕ್ಸಿಲೇಟರ್ ತುಳದ್ರ ಕಾಲಿನ ಕೆಳಗ ಏನೂ ಇಲ್ಲ,
ಬಾವಿ ಇಳಿಯುವಾಗ ಒಂದು ಮೆಟ್ಟಲ ತಪ್ಪಿದಂಗ.
ಆಮ್ಯಾಲ ಗಪ್.
ಗಾಳಿ, ಮತ್ತ ಸಿಮೆಂಟ್ ಲಾರಿಗಳ ಹಾರ್ನ್.

ಹಿಂದ ನಾಲ್ಕು ಲಸಿಕಿ ಡಬ್ಬಿ, ಬಾಜೂಕ ನಾಗಿಂದ್ರಮ್ಮ ಸಿಸ್ಟರ್,
ಸೇಡಂ ಕಡಿ ಒಂಬತ್ತಕ್ಕ ಕೂಸುಗಳು ಕಾಯ್ತಿರ್ತಾವ.
ಇಪ್ಪತ್ತು ನಿಮಿಷ ಬಿಟ್ರ ತಾನೇ ಚಾಲೂ,
ಏನೂ ಆಗೇ ಇಲ್ಲ ಅನ್ನೂ ಮಾರಿ ಮಾಡ್ಕೊಂಡು.

"ಗಿಡದಾಗ ಏನರೆ ಅದ" ಅಂದ ಪಂಕ್ಚರ್ ಅಂಗಡಿ ಲಾಲಪ್ಪ.
ನಿಂಬಿಹಣ್ಣು ಕಟ್ಟಿದೆ.
ಪೆಟ್ರೋಲ್ ಪಂಪ್ ಬದಲಿಸಿದೆ, ಫಿಲ್ಟರ್, ಪ್ಲಗ್, ಕಾಯಿಲ್,
ಒಂಬತ್ತು ಸಾವಿರದ ಇನ್ನೂರು. ನಿಂಬಿಹಣ್ಣಿಗಿ ಐದು.
ಎರಡೂ ಅಷ್ಟಕ್ಕಷ್ಟೇ ಕೆಲಸ ಮಾಡಿದ್ವು.

ಹುಮನಾಬಾದ್ ಬೇಸಿನ ಮಶಾಕ್ ಉಸ್ತಾದ್ ಸೀಟ್ ಎತ್ತಿ ನೋಡಲಿಲ್ಲ.
ಸುಸಲಾ ತಿನ್ಕೋತ, ಎಣ್ಣಿ ಬೆರಳು ಪೇಪರಿಗಿ ಒರಸ್ಕೋತ ಕೇಳಿದ:
"ಹೋಗುವಾಗ ಗಿಡದ ಬಲ್ಲಿ. ಖರೆ. ಬರುವಾಗ ಎಲ್ಲಿ?"
ಯಾರೂ ಕೇಳಿದ್ದಿಲ್ಲ ಅದನ್ನ. ನಾನೂ.
"ತೆಂಗಳಿ ಕ್ರಾಸಿಗಿ."
"ಅಲ್ಲಿ ಯಾವ ಗಿಡ?"
"ಗಿಡ ಇಲ್ಲ. ಚಾದ ಹೋಟೆಲ್."
"ಚಾದ ಹೋಟೆಲಿನ್ಯಾಗ ದೆವ್ವ ಇರಲ್ಲ, ಉದ್ರಿ ಇರ್ತದ.
ಹೊಂಟ ಮ್ಯಾಲ ಎಷ್ಟು ಹೊತ್ತಿಗಿ?"
ಲೆಕ್ಕ ಹಾಕಿದೆ. ಆ ಕಡಿಂದ ಅರ್ಧ ತಾಸು, ಮ್ಯಾಲ ಒಂದೈದು ನಿಮಿಷ.
ಈ ಕಡಿಂದೂ ಅಷ್ಟೇ.
ಜಾಗ ಅಲ್ಲ ಅದು. ಹೊತ್ತು.

ಮರುದಿನ ನಸುಕಿನ್ಯಾಗ ಸೆನ್ಸಾರಿನ ವೈರಿಗಿ ಮೀಟರ್ ಹಚ್ಚಿದ.
ಎಲ್ಲಾ ಸರಿ.
"ಸರೀನೇ ಇರ್ತದ" ಅಂದ. "ತಂಪಿನ್ಯಾಗ ಯಾರು ಸುಳ್ಳು ಹೇಳ್ತಾರ?"
ವ್ಯಾನ್ ಹತ್ತಿ ಕುಂತ, ತೊಡಿ ಮ್ಯಾಲ ಸ್ಕ್ಯಾನರ್.

ತೆಂಗಳಿ ಕ್ರಾಸ್. ಮೇ ತಿಂಗಳು, ಮಧ್ಯಾನ ಎರಡು,
ಡಾಂಬರು ಚಪ್ಪಲಿ ಹಿಡ್ಕೋತಿತ್ತು.
ಜಗ್ಗು. ಗಪ್.
"ಸೆಲ್ಫ್ ಹೊಡಿ." ಹೊಡದೆ.
ಎಂಜಿನ್ ಗರಗರ ತಿರಗ್ತದ, ಕಿವಿಗಿ ಕೇಳ್ತದ, ಸೀಟಿಗಿ ನಡುಕ ಬರ್ತದ,
ಸ್ಕ್ಯಾನರಿನ್ಯಾಗ ಆರ್‌ಪಿಎಂ ಸೊನ್ನಿ.
ತಿರಗೂದು ತಿರಗಲಾಕತ್ತದ, ಅದರ ಸುದ್ದಿ ಮುಟ್ಟವಲ್ದು.
ಸುದ್ದಿ ಮುಟ್ಟದ ಹೊರತು ಕಿಡಿ ಇಲ್ಲ, ಪೆಟ್ರೋಲ್ ಇಲ್ಲ.
"ನಮ್ಮ ರಿಜಿಸ್ಟರಿನಂಗ" ಅಂದಳು ನಾಗಿಂದ್ರಮ್ಮ,
"ಕೂಸು ಮುಂದ ಅಳ್ಕೋತ ಕುಂತಿದ್ರೂ ಹೆಸರಿಲ್ಲಂದ್ರ ಇಲ್ಲ."

ಉಸ್ತಾದ್ ಆಕಿ ಕಡಿ ನೋಡಿದ. ಡಬ್ಬಿ ಕಡಿ ನೋಡಿದ.
"ಅಕ್ಕಾ, ಒಂದು ಐಸ್‌ಪ್ಯಾಕ್."
"ಸರ್ಕಾರದ್ದು ಅದು."
"ಲಸಿಕಿ ಮುಗದಾವಲ್ಲ. ಸರ್ಕಾರಕ್ಕ ಹೊಳ್ಳಿ ಕೊಡ್ತೀನಿ."
ಕೊಟ್ಟಳು, ಅರ್ಧ ಕರಗಿದ್ದು, ಅಲುಗಾಡಿಸಿದ್ರ ಗುಳುಗುಳು ಅನ್ನೂದು.
ಗೋಣಿಚೀಲ ಹಾಸ್ಕೊಂಡು ವ್ಯಾನಿನ ಹೊಟ್ಟಿ ಕೆಳಗ ಹೋದ.
ಕಾಲಷ್ಟೇ ಕಾಣ್ತಿದ್ವು, ಒಂದೊಂದು ಚಪ್ಪಲಿ ಒಂದೊಂದು ಬಣ್ಣ.
ಗೇರ್‌ಬಾಕ್ಸಿನ ಕೊರಳಿನ ಹತ್ರ ಹೆಬ್ಬೆರಳಿನಷ್ಟು ಕರಿ ತುಂಡು;
ಜ್ವರ ಬಂದ ಹಣಿಗಿ ಹಸಿ ಅರಿವಿ ಇಟ್ಟಂಗ
ಐಸ್ ಹಿಡ್ಕೊಂಡು ಮಲಗಿದ.
ನಾವು ಚಾ ಕುಡದ್ವಿ. ಯಾರೂ ಮಾತಾಡಲಿಲ್ಲ.
"ಹೊಡಿ."
ಸೊನ್ನಿ ಹೋಗಿ ಇನ್ನೂರು ಬಂತು. ಮುನ್ನೂರು. ಎಂಟುನೂರು.
ಉಸ್ತಾದನ ಕಾಲು ನಕ್ಕಂಗ ಕಂಡ್ವು.

ಹೊಸದಕ್ಕ ಹನ್ನೊಂದು ನೂರು. ಒಂದೇ ಬೋಲ್ಟು.

ಈಗ ಗುಂಡಗುರ್ತಿ ದಾಟ್ತೀವಿ, ಗಿಡ ಹಿಂದ ಬೀಳ್ತದ.
ಆದ್ರೂ ಅಲ್ಲಿ ಬಂದಾಗ ನನ್ನ ಕಾಲು ತಾನೇ ಹಗೂರಾಗ್ತದ,
ನಾಗಿಂದ್ರಮ್ಮ ಡಬ್ಬಿ ಮ್ಯಾಲ ಕೈ ಇಡ್ತಾಳ.
ನಿಂಬಿಹಣ್ಣು ಒಣಗಿ ಕರ್ರಗಾಗ್ಯದ, ತೆಗದಿಲ್ಲ.
ಹಳಿ ಸೆನ್ಸಾರ್ ಡ್ಯಾಶ್‌ಬೋರ್ಡಿನ್ಯಾಗ ಅದ,
ಮುಂಜಾನಿ ಕೈಯಾಗ ಹಿಡದ್ರ ತಣ್ಣಗ.
ಆ ಹೊತ್ತಿನ್ಯಾಗ ಕೇಳಿದ್ರ
ಈಗೂ ಖರೇನೇ ಹೇಳ್ತದ.