ಕಣ್ಣಿರುವ ಹೋಳು

ಹಾಸನದ ಆಲೂಗಡ್ಡೆ ಮಂಡಿಗೆ
ಮೇ ತಿಂಗಳಲ್ಲಿ ಭಾನುವಾರ ಅಂತ ಇಲ್ಲ.
ಜಲಂಧರಿನ ಲಾರಿಗಳು ಬಿತ್ತನೆ ಗಡ್ಡೆ ಇಳಿಸಿ
ಬಾಯಿ ತೆರೆದು ನಿಂತಿರುತ್ತವೆ.
ಗೋಣಿ ಹಾಸಿ ಕೂತ ಹೆಂಗಸರು
ಒಂದೊಂದನ್ನೂ ತಿರುವಿ ತಿರುವಿ ನೋಡಿ ಕೊಯ್ಯುತ್ತಾರೆ.
ಪ್ರತಿ ಹೋಳಿಗೂ ಒಂದು ಕಣ್ಣು ಬೇಕು.
ಕಣ್ಣಿಲ್ಲದ್ದು ಮೊಳೆಯೋದಿಲ್ಲ,
ಸಾರಿಗೆ ಹೋಗುತ್ತೆ.

ನಾವು ಐವರು, ಸೆಕೆಂಡ್ ಪಿಯುಸಿ.
ಗಾನವಿ ಕೈಲಿ ಫಾರಂ, ನಿಶ್ಚಲ್ ಕೈಲಿ ಬಿಪಿ ಮಿಷನ್ನು,
ಮುಬೀನಾ ಕಣ್ಣು ನೋಡುವವಳು,
ತೇಜಸ್ ಹೆಸರು ಕೂಗುವವನು.
ನನ್ನ ಕೈಲಿ, ಸುಳ್ಳು ಯಾಕೆ, ಕೊಡೆ.

ಕಲಿಸಿದವನು ಪ್ರಭು ಅಣ್ಣ.
ಮೆಡಿಕಲ್ ಮೂರನೇ ವರ್ಷ, ಊರು ಭಾಲ್ಕಿ.
ಮೂರು ಶನಿವಾರ ನಮ್ಮನ್ನು ಕೂರಿಸಿಕೊಂಡು
ಕೆಳರೆಪ್ಪೆ ಎಳೆದು ನೋಡೋದು ಹೇಳಿಕೊಟ್ಟ:
ಸೀಬೆಹಣ್ಣಿನ ಒಳಗಿನ ಕೆಂಪಿದ್ದರೆ ಸರಿ,
ಬಿಳಿಚಿದ್ದರೆ ಬರೆದುಕೊಳ್ಳಿ.
ಇಲ್ಲಿ ಬಂದು "ಸ್ವಲ್ಪ ಮ್ಯಾಲ ನೋಡ್ರೀ" ಅಂದಾಗ
ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.
ಈ ಮಂಡಿಯಲ್ಲಿ ಅವರನ್ನು
ಯಾರೂ "ರೀ" ಅಂದವರಿಲ್ಲ.
"ಡಾಕ್ಟ್ರೇ" ಅಂದರು ವಾಪಸ್ಸು.
"ಇನ್ನಾ ಆಗಿಲ್ರೀ" ಅಂತ ಇವನು ಕಿವಿಯೆಲ್ಲ ಕೆಂಪು.

ನಲವತ್ತೊಂದು ಜನ. ಫಾರಮ್ಮಿನಲ್ಲಿ ಇಪ್ಪತ್ತೆರಡು ಕಾಲಂ.
ತಲೆಸುತ್ತು: ಇದೆ. ಇದೆ. ಇದೆ.
ಉರಿಮೂತ್ರ: ಈ ಪ್ರಶ್ನೆಗೆ ನಿಶ್ಚಲ್ ಲಾರಿ ನಂಬರು ಓದತೊಡಗಿದ.
ಇದೆ, ಅಂದರು ಮೆಲ್ಲಗೆ.
ಜವರಮ್ಮ ಕತ್ತಿ ಕೆಳಗಿಡದೆಯೇ ಅಂದಳು:
"ನೀರು ಕುಡುದ್ರೆ ತಾನೆ ಕೂಸೆ.
ಕುಡುದ್ರೆ ಎಲ್ಲಿಗೋಗನ?"

ಗಾನವಿ, ಮುಬೀನಾ, ನಾನು
ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ನಮ್ಮ ಬಾಟಲಿಗಳೂ ಅಷ್ಟೇ,
ಕಾಲೇಜಿನಿಂದ ತುಂಬಿಯೇ ಮನೆಗೆ ಬರುತ್ತವೆ.
ಹುಡುಗರಿಗೆ ಇನ್ನೂ ಅರ್ಥವಾಗಿರಲಿಲ್ಲ.

ಗೋಡೌನಿನ ಹಿಂದೆ ಇತ್ತು. ಇದ್ದದ್ದು ನಿಜ.
ಬಾಗಿಲ ಮೇಲೆ ಸೀರೆ ಉಟ್ಟ ಚಿತ್ರ,
ಚಿತ್ರದ ಸೊಂಟಕ್ಕೆ ಸರಿಯಾಗಿ ಬೀಗ.
ಪ್ರಭು ಅಣ್ಣ ಬೀಗ ಹಿಡಿದು ಸುಮ್ಮನೆ ತೂಗಿ ನೋಡಿದ.
"ತಲಿ ತಿರುಗೂದಕ್ಕ ಹದಿನೇಳು ಕಾರಣ
ಬಾಯಿಪಾಠ ಮಾಡೀನಿ. ಅದರಾಗ ಇದಿಲ್ಲ."
ಗಾನವಿ ಸ್ಕೇಲಿಲ್ಲದೆ ಗೆರೆ ಎಳೆದಳು,
ಇಪ್ಪತ್ಮೂರನೇ ಕಾಲಂ, ವಾರೆಯಾಗಿ:
ಎಷ್ಟು ಲೋಟ?

ಮಂಡಿ ಆಫೀಸಿನ ಮ್ಯಾನೇಜರು ಫಾರಂ ಓದಲಿಲ್ಲ.
"ಬಿಪಿ ನೋಡೋಕೆ ಬಂದೋರು ಬಿಪಿ ನೋಡಿ"
ಅಂತ ತಮಾಷೆಗೆ ತೋಳು ಚಾಚಿದರು.
ನೂರ ಅರವತ್ತು, ನೂರು.
ಫ್ಯಾನಿನ ಸದ್ದು ದೊಡ್ಡದಾಯಿತು.
"ಜಾಸ್ತೀನಾ?"
"ಸ್ವಲ್ಪ ಕೂಡ್ರಿ ಸರ್, ಇನ್ನೊಮ್ಮೆ ನೋಡೂಣು."
ಅವರು ಒಂದು ಲೋಟ ನೀರು ಕುಡಿದರು. ಮತ್ತೊಂದು.
ಎದ್ದು, ಕುರ್ಚಿಯ ಹಿಂದಿನ ಬಾಗಿಲಿಗೆ ಹೋದರು.
ನಾವು ಐವರೂ ಕ್ಯಾಲೆಂಡರ್ ನೋಡುತ್ತ
ಒಳಗೆ ನೀರು ಬಿಟ್ಟ ಸದ್ದು ಕೇಳಿಸಿಕೊಂಡೆವು.
ಹೊರಗೆ ಬಂದವರು
ನಮ್ಮನ್ನು ನೋಡಿದರು. ಫಾರಂ ನೋಡಿದರು.
ಏನೂ ಅನ್ನಲಿಲ್ಲ.

ಒಂಬತ್ತನೇ ದಿನ ಬಂತು ಬೀಗದ ಕೈ,
ಗೋಣಿ ದಾರಕ್ಕೆ ಕಟ್ಟಿಸಿಕೊಂಡು.
ಒಳಗೆ ಹರಕು ಚೀಲ, ಮರಿ ಹಾಕಿದ ಇಲಿ.
ತೇಜಸ್ ಕೂಗಿದ ಕೂಗಿಗೆ
ಇಡೀ ಮಂಡಿ ನಕ್ಕು ಸುಸ್ತಾಯಿತು.
ಹದಿನಾಲ್ಕು ಬಕೆಟ್ ನೀರು ಹೊತ್ತೆವು.
ಚಿಲಕ ಇನ್ನೂ ಸರಿ ಕೂರಲ್ಲ,
ಒಬ್ಬಳು ಹೊರಗೆ ನಿಲ್ಲಬೇಕು.

ಈ ಭಾನುವಾರ, ಹನ್ನೊಂದು ಗಂಟೆಗೆ,
ನಡು ಬಿಸಿಲಲ್ಲಿ, ಜವರಮ್ಮ
ನನ್ನ ಬಾಟಲಿ ಇಸಿದುಕೊಂಡು ಅರ್ಧ ಮುಗಿಸಿದಳು.
"ಯಾಕ್ರವ್ವ ಹಿಂಗ್ ನೋಡೀರಿ,
ನೀರು ಕುಡಿಯೋರ್ನ ಕಂಡಿಲ್ವ?"
ರೆಪ್ಪೆ ಎಳೆದರೆ ಅದೇ ಬಿಳಿಚು.
ಬೀಗ ತೆಗೆದ ಮಾತ್ರಕ್ಕೆ ರಕ್ತ ಊರೋದಿಲ್ಲ,
ಮಾತ್ರೆ ಬರೋದು ಮುಂದಿನ ವಾರ.
ಅಲ್ಲಿಗೆ ಪ್ರಭು ಅಣ್ಣನಿಗೆ ಪರೀಕ್ಷೆ ಶುರು.
"ನೀವ ನೋಡ್ಕೋರಿ," ಅಂದುಬಿಟ್ಟಿದ್ದಾನೆ.

ಹಾಗಾಗಿ ಕೆಲಸ ಹಂಚಿಕೊಂಡಿದ್ದೇವೆ.
ಮುಬೀನಾಗೆ ಮಾತ್ರೆ ಲೆಕ್ಕ.
ತೇಜಸ್‌ಗೆ ಕೊಡೆ.
ನನಗೆ ಕಣ್ಣು.