ಹಿಂದಿನ ಖೋಲಿಯವರು

ಟೊಮಾಶ್, ಯಾನಾ. ಬಾಡಿಗೆ ಚೀಟಿಗೆ
ಹೆಸರು ಮೂರು ಸಲ ಕೇಳಿ ಬರೆದೆ.
ಗಡಿಯಾರ ನೋಡಿ ಏಳುವವರಲ್ಲ, ಇಳಿತ ನೋಡಿ ಏಳುತ್ತಾರೆ.
ಕೋಡಿಬಾಗದಾಚೆ ಕಾಳಿಯ ಅಳಿವೆಯಲ್ಲಿ
ಮೊಣಕಾಲುದ್ದ ರಾಡಿಗಿಳಿದು
ಕಾಂಡ್ಲಾ ಸಸಿ ನೆಡುವುದು. ಸಂಬಳವಿಲ್ಲ.
"ಮತ್ತೆ ಯಾಕೆ ಬಂದದ್ದು?" ಮೀನಿನ ಗುಲಾಬಿ ಕೇಳಿದರೆ
ಯಾನಾ ನಗುತ್ತಾಳೆ,
ಎರಡು ಬಂಗಡೆ ಹೆಚ್ಚಿಗೆ ಬೇಡುತ್ತಾಳೆ.

ಸಂಜೆ ಬಾವಿಕಟ್ಟೆಯಲ್ಲಿ ಅವನ ಬೆನ್ನ ಕೆಸರನ್ನು
ತೆಂಗಿನ ನಾರಿನಿಂದ ತಿಕ್ಕುತ್ತಾಳೆ,
ಹಂಡೆ ಬೆಳಗಿದ ಹಾಗೆ.
ಜಗಳವೂ ಉಂಟು. ಮೊನ್ನೆ ದೊಡ್ಡದೇ ಆಯಿತು.
ಅವರ ಭಾಷೆ ಬಾರದು ನನಗೆ; ಆದರೂ
"ನಾನು ಮೊದಲೇ ಹೇಳಿರಲಿಲ್ಲವಾ" ಎಂಬುದು ತಿಳಿಯಿತು.
ಆಮೇಲೆ ಒಂದೇ ಕೊಡೆಯಲ್ಲಿ ಹೋಗಿ
ಮೊಟ್ಟೆ ತಂದರು.

ನಮ್ಮವರು ಮಸ್ಕತ್ತಿನಲ್ಲಿ. ಹನ್ನೊಂದನೇ ವರ್ಷ.
ಪರದೇಶವೆಂದರೆ ಒಬ್ಬರು ಹೋಗುವುದು,
ಒಬ್ಬರು ಕ್ಯಾಲೆಂಡರಿಗೆ ಗೀಟು ಹಾಕುವುದು
ಅಂತಲೇ ತಿಳಿದಿದ್ದೆ.

ರಾತ್ರಿ ಫೋನು. "ಬಾಡಿಗೆ ಸರಿಯಾಗಿ ಕೊಡುತ್ತಾರಾ?"
ಹೂಂ ಅಂದೆ.
ಗೋಡೆಯಾಚೆ, ಶಿಂಪಿ ಕೊರೆದ ಕಾಲಿಗೆ
ನಾನು ಕೊಟ್ಟ ಅರಿಶಿನ ಹಚ್ಚುತ್ತಿರಬೇಕು:
ಉರಿಯ ಕೂಗು ಒಂದು, ಹಿಂದೆಯೇ
ಇಬ್ಬರ ನಗು.
ಫೋನನ್ನು ಗೋಡೆಗೆ ಹಿಡಿದೆ.
"ಎಂಥ ಸದ್ದದು?"
"ಉಬ್ಬರ" ಅಂದೆ.