ಅವಧಿ

ಹಾಸನದ ಲೈಬ್ರರಿಯ ಪುಸ್ತಕ. ಸತ್ತ ಹುಡುಗ, ಬದುಕಿರುವ ಹುಡುಗಿ.
ಹಿಂದಿನ ಚೀಟಿಯಲ್ಲಿ ನನಗಿಂತ ಮುಂಚೆ ಒಂದೇ ಹೆಸರು:
ಲೋಹಿತಾಶ್ವ, ಎರಡನೇ ಪಿಯುಸಿ.
ಬೇಲೂರು ರಸ್ತೆ, ಬೈಕು,
ಕಾಲೇಜಿಗೆ ಅರ್ಧ ದಿನ ರಜೆ ಕೊಟ್ಟಿದ್ದರು.

ನೂರಾ ಹನ್ನೆರಡನೇ ಪುಟ. ಸತ್ತವನು
ಕಿಟಕಿಗೆ ಬಂದು ಮುತ್ತಿಡುವಲ್ಲಿ
ಅವನ ಪೆನ್ಸಿಲ್ಲು: ‘ಥೂ, ಸುಳ್ಳು.
ಹೋದವರು ಹಿಂಗೆಲ್ಲ ಬರಲ್ಲ.’

ಕೆಳಗೆ ಬರೆದೆ:
‘ನೀನೇ ಬರಬಹುದಲ್ಲ?’

ವಾಪಸು ಕೊಟ್ಟೆ. ತಡೆಯಲಾಗದೆ
ಹದಿನೈದು ದಿನಕ್ಕೆ ಮತ್ತೆ ತೆಗೆದೆ.
ಉತ್ತರವಿಲ್ಲ. ಪ್ರಶ್ನಾರ್ಥಕವನ್ನಷ್ಟೇ
ಯಾರೋ ರಬ್ಬರಿನಿಂದ ಉಜ್ಜಿದ್ದಾರೆ.

‘ನೀನೇ ಬರಬಹುದಲ್ಲ’

ಅಕ್ಷರ ನನ್ನದೇ.
ಮಾತು ನನ್ನದಲ್ಲ.

ಪುಟದ ಮಡಿಕೆಯಲ್ಲಿ ಕೂತ ರಬ್ಬರಿನ ಪುಡಿಯನ್ನು
ಊದಲು ಮನಸ್ಸಾಗಲಿಲ್ಲ.

ತಾರೀಖಿನ ಮುದ್ರೆ ಹಿಡಿದು, ಕನ್ನಡಕದ ಮೇಲಿಂದ ನೋಡಿ
ಕೇಳಿದರು ಜವರಪ್ಪನವರು:
‘ಇನ್ನೊಂದು ವಾರ ಇಟ್ಕೋತೀಯೇನಮ್ಮ?’